ಅಕ್ಕನಿಗೆ ಮೊದಲೇ ಗೊತ್ತಿದ್ದ ಸಿನಿಮಾ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಸೈಕಲ್ ಅಂಗಡಿ ಸೇರಿದವನು. ಭಾನುವಾರ ಜಯಲಕ್ಷ್ಮಿಪುರಂನ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಊಟ ನೆಪ, ಆಸೆಯೆಲ್ಲ ಟಿವಿಯ ಮೇಲೆ. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ಮಧ್ಯಾಹ್ನ ಹಳೆಯ ಕಪ್ಪು ಬಿಳುಪು ತಮಿಳು ಸಿನಿಮಾ ಹಾಕಿದರು. ಶ್ರೀಮಂತನ ಹೆಂಡತಿ ಗಂಡನನ್ನೂ ಮಗುವನ್ನೂ ಬಿಟ್ಟು ಇನ್ನೊಬ್ಬನ ಜೊತೆ ಹೋಗುವ ಕಥೆ. ಭಾವ ಒಳಗೆ ಮಲಗಿದ್ದರು. ಅಕ್ಕ ಅವರೆಕಾಳು ಹಿದುಕುತ್ತ ನೋಡುತ್ತಿದ್ದಳು.

"ಇವಳು ಕೊನೆಗೆ ರೈಲಿಗೆ ಸಿಕ್ಕಿ ಸಾಯ್ತಾಳೆ," ಎಂದಳು, ಅರ್ಧ ಕಥೆಯೂ ಮುಗಿಯುವ ಮೊದಲೇ.

"ನಿಂಗ್ಯಾರೇಳಿದ್ರು?"

"ಸುಮ್ನೆ ನೋಡೋ. ಎಲ್ಲಾದಕ್ಕೂ ನಿಂದೊಂದು."

ಸಿನಿಮಾ ಹಾಗೆಯೇ ಮುಗಿಯಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳಿಗೆ ತಮಿಳು ಬರುವುದಿಲ್ಲ. ಮದುವೆಯಾದ ಮೇಲೆ ಟಾಕೀಸಿಗೆ ಹೋದದ್ದೂ ಇಲ್ಲ. ಹಾಗಾದರೆ ಇದನ್ನು ಯಾರ ಜೊತೆ ನೋಡಿದಳು?

ಆಮೇಲೆ ಅವಳು ಮಾಡಿದ್ದೆಲ್ಲ ಬೇರೆಯೇ ಕಾಣತೊಡಗಿತು. ಹಾಲು ತರಲು ಹೋಗುವಾಗಲೂ ನೆರಿಗೆ ಏಕೆ ಸರಿಮಾಡಿಕೊಂಡಳು? ನನ್ನನ್ನು ಕಂಡು ಏಕೆ ನಕ್ಕಳು? ಒಂದು ದಿನ ಅಂಗಡಿಯಲ್ಲಿ ಸುಳ್ಳು ಹೇಳಿ ಅವಳ ಬೀದಿಯ ತುದಿಯಲ್ಲಿ ನಿಂತೆ. ಮಧ್ಯಾಹ್ನ ಅವಳ ಅತ್ತೆ ಮಲಗುವ ಹೊತ್ತಿಗೆ ಅಕ್ಕ ಹೊರಬಂದು, ಹಿಂದಿನ ರಸ್ತೆಯ ಮನೆಯೊಂದರ ಗೇಟು ತೆಗೆದು ಒಳಹೋದಳು. ಬಾಗಿಲ ಮುಂದೆ ಗಂಡಸಿನ ಚಪ್ಪಲಿ ಇತ್ತು. ನನಗೆ ಅಷ್ಟೇ ಸಾಕಾಯಿತು.

ನೇರ ಭಾವನ ಆಫೀಸಿಗೆ ಹೋಗಿ ಹೇಳಿಬಿಟ್ಟೆ. ಅವರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ಮನೆಗೆ ಬಂದರು.

ಒಳಗೆ ಗೋಡೆಯ ಮೇಲೆ ಏಸುವಿನ ಪಟ, ಕೆಳಗೆ ಕಣ್ಣು ಮಂಜಾದ ವಯಸ್ಸಾದ ಟೀಚರಮ್ಮ. ಅಕ್ಕ ಅವರ ಪಕ್ಕ ಕೂತು ದಪ್ಪ ಪುಸ್ತಕವೊಂದನ್ನು ಗಟ್ಟಿಯಾಗಿ ಓದುತ್ತಿದ್ದಳು.

"ಚಪ್ಪಲಿ ಯಾರದು?" ಭಾವ ಕೇಳಿದರು.

"ತೀರ್ಕೊಂಡ ನಮ್ಮ ಯಜಮಾನ್ರದು. ಒಂಟಿ ಹೆಂಗಸು ಕಣಪ್ಪ, ಮನೇಲಿ ಗಂಡಸಿದಾನೆ ಅಂದ್ಕೊಳ್ಲಿ ಅಂತ ಇಟ್ಟಿದೀನಿ."

ನಾನಿನ್ನೂ ಬಿಡಲಿಲ್ಲ. "ಮತ್ತೆ ಆ ತಮಿಳು ಪಿಕ್ಚರಲ್ಲಿ ಗಂಡನ್ನ ಬಿಟ್ಟೋದೋಳು ರೈಲಿಗೆ ಸಿಕ್ಕಿ ಸಾಯ್ತಾಳೆ ಅಂತ ಇವಳಿಗೆ ಎಂಗೆ ಗೊತ್ತು?"

ಟೀಚರಮ್ಮ ನಕ್ಕರು. "ಅದು ರಷ್ಯಾದವರ ಕಾದಂಬರಿ ಕಣೋ. ಕನ್ನಡದಲ್ಲೂ ಇದೆ. ನಿಮ್ಮಕ್ಕನೇ ನಂಗೆ ಓದಿ ಹೇಳಿದ್ಲು."

ಸಿನಿಮಾಕ್ಕೂ ಮೊದಲು ಒಂದು ಪುಸ್ತಕ ಇರಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.

ಭಾವ ನಗಲಿಲ್ಲ. "ಕದ್ದು ಬರೋದ್ಯಾಕೆ?" ಎಂದರು. ಪುಸ್ತಕ ಹಿಡಿದರೆ ಅತ್ತೆ ಬೈಯುತ್ತಾರೆಂದು ಅಕ್ಕ ಹೇಳಿದ್ದನ್ನು ಕೇಳಿಸಿಕೊಳ್ಳಲೂ ಇಲ್ಲ. ಇನ್ನು ಈ ಮನೆಗೆ ಕಾಲಿಡಕೂಡದು ಎಂದುಬಿಟ್ಟರು. ಗೇಟಿನ ಹತ್ತಿರ ಅಕ್ಕ ನನಗೆ ಹೇಳಿದ್ದು ಒಂದೇ ಮಾತು: "ನನ್ನೇ ಕೇಳ್ಬೋದಿತ್ತಲ್ಲೋ."

ಎರಡು ಸಾವಿರದ ಇಸವಿ ಕಳೆದ ಮೇಲೆ, ದಟ್ಟಗಳ್ಳಿಯ ನಮ್ಮ ಮನೆಗೆ ಅಕ್ಕ ಬಂದಿದ್ದಾಗ, ಯಾವುದೋ ಚಾನೆಲ್ಲಿನಲ್ಲಿ ಅದೇ ಸಿನಿಮಾ ಬಂತು.

"ಪಾಪ, ಇವಳ ಗತಿ ಏನಾಗುತ್ತಕ್ಕ?" ಎಂದು ನನ್ನ ಹೆಂಡತಿ ಕೇಳಿದಳು.

ಅಕ್ಕ ಒಂದು ಸಲ ನನ್ನ ಕಡೆ ನೋಡಿದಳು. "ನಂಗೇನು ಗೊತ್ತು ಕಣಮ್ಮ," ಎಂದು ಎದ್ದು ಅಡುಗೆಮನೆಗೆ ಹೋದಳು.