ಕೌದಳ್ಳಿಯಿಂದ ಬೆಟ್ಟಕ್ಕೆ, ಬರಿಹೊಟ್ಟೆಯಲ್ಲಿ

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಮೊದಲ ಬಸ್ಸು ಬೆಳಗ್ಗೆ ಆರಕ್ಕೆ ಎಂದು ಹೇಳುತ್ತಿದ್ದರು. ಅದು ಹೊರಟದ್ದು ಏಳಕ್ಕೆ. ಡ್ರೈವರು ಕಾಫಿ ಕುಡಿಯುವವರೆಗೆ ನಾವೆಲ್ಲ ಒಳಗೆ ಕೂತು ಅವನ ಲೋಟವನ್ನೇ ನೋಡುತ್ತಿದ್ದೆವು. ಶಿವರಾತ್ರಿಗೆ ಇನ್ನೂ ಎರಡು ವಾರ ಇತ್ತು. ಬೆಳಗಿನ ಚಳಿ ಬಿಟ್ಟಿರಲಿಲ್ಲ, ಮಧ್ಯಾಹ್ನದ ಬಿಸಿಲು ಆಗಲೇ ಶುರುವಾಗಿತ್ತು.

ಈ ಪ್ರಯಾಣ ನನ್ನದಲ್ಲ, ನನ್ನ ಹೆಂಡತಿಯ ಅಣ್ಣನದು. ಹೆಸರು ಶಿವಮಲ್ಲಪ್ಪ. ಕೊಳ್ಳೇಗಾಲದಲ್ಲಿ ಎರಡು ರೇಷ್ಮೆ ಮಗ್ಗ ಇಟ್ಟುಕೊಂಡಿದ್ದವರು. ಅವರು ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವುದಾಗಿ ಹರಕೆ ಹೊತ್ತಿದ್ದರು. "ಅಣ್ಣ ಒಬ್ನೇ ಓಯ್ತೀನಿ ಅಂತಾನೆ, ಜೊತೇಲಿ ನೀವಿದ್ರೆ ನಂಗೆ ನಿದ್ದೆ ಬತ್ತದೆ" ಎಂದು ಹೆಂಡತಿ ಹೇಳಿದ ಮೇಲೆ ಹೈಸ್ಕೂಲಿಗೆ ನಾಲ್ಕು ದಿನ ರಜೆ ಬರೆದುಕೊಟ್ಟು ಹೊರಟೆ. ನನಗೆ ದೇವರಲ್ಲಿ ಅಂಥ ನಂಬಿಕೆಯಿಲ್ಲ, ನಡಿಗೆಯಲ್ಲಿ ಇದೆ.

ಕೊಳ್ಳೇಗಾಲದಲ್ಲಿ ಭಾವ ಮನೆಬಾಗಿಲಲ್ಲೇ ಕಾಯುತ್ತಿದ್ದರು. ಹೆಗಲಿಗೆ ಒಂದು ಜೋಳಿಗೆ, ಕೈಯಲ್ಲಿ ಒಂದು ಮಣ್ಣಿನ ಕುಡಿಕೆ. ಕುಡಿಕೆಯೊಳಗೆ ಒದ್ದೆ ಬಟ್ಟೆ ಸುತ್ತಿದ ಸಣ್ಣ ಸೀಸೆ, ಅದರಲ್ಲಿ ಇನ್ಸುಲಿನ್. ಗಾಜಿನ ಸಿರಿಂಜು ಮತ್ತು ಸೂಜಿಗೆ ಬೇರೆ ಅಲ್ಯೂಮಿನಿಯಂ ಡಬ್ಬಿ. ಕುಡಿಕೆಯನ್ನು ಅವರು ಹಿಡಿದ ರೀತಿ ನೋಡಿದರೆ ಬೆಟ್ಟಕ್ಕೆ ಹೊರಟದ್ದು ಅವರಲ್ಲ, ಆ ಸೀಸೆ ಎನ್ನಬೇಕಿತ್ತು.

ಒಂದೂವರೆ ವರ್ಷದ ಹಿಂದೆ ಅವರ ಮೂತ್ರಕ್ಕೆ ಇರುವೆ ಮುತ್ತತೊಡಗಿದ್ದವು. ಎಷ್ಟು ಉಂಡರೂ ಮೈ ಹತ್ತದು, ಎಷ್ಟು ಕುಡಿದರೂ ಬಾಯಾರಿಕೆ ತೀರದು. ಆರು ತಿಂಗಳಲ್ಲಿ ತೋಳು ತೊಡೆಗಳೆಲ್ಲ ಕರಗಿ, ಅಂಗಿಯನ್ನು ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿದ್ದರು. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದು ಹೇಳಿ ದಿನವೂ ಬೆಳಗ್ಗೆ ಸೂಜಿ ಚುಚ್ಚಿಕೊಳ್ಳಲು ಕಲಿಸಿದರು. ನಾಲ್ಕೇ ತಿಂಗಳಲ್ಲಿ ಎದ್ದು ಮಗ್ಗಕ್ಕೆ ಕೂತರು. ಎಬ್ಬಿಸಿದ್ದು ಸೂಜಿ ಎಂದು ನಾನು, ಬೆಟ್ಟದ ಮಾದಪ್ಪ ಎಂದು ಅವರು. ನಮ್ಮ ಜಗಳ ಅಷ್ಟೇ.

ಮೊದಲ ದಿನ ಹನೂರಿಗೆ ಹದಿನಾರು ಮೈಲಿ. ಕಾಮಗೆರೆಯಲ್ಲಿ ಹುಣಸೆಮರದ ಕೆಳಗೆ ಕೂತು ನನ್ನ ಚೀಲ ಬಿಚ್ಚಿದೆ. ಯಳಂದೂರಿನಲ್ಲಿ ಕಟ್ಟಿಸಿಕೊಂಡಿದ್ದ ಒಂದು ಅಚ್ಚು ಬೆಲ್ಲ, ಕಡಲೆಕಾಯಿ, ಹುರಿಗಡಲೆ ಇದ್ದವು. ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? ಪಾಠ ಶುರು ಮಾಡಿದೆ. ಮೈ ಎಂಬುದು ಒಂದು ಒಲೆ. ಬೆಲ್ಲ, ರಾಗಿ, ಅಕ್ಕಿ ಇವೆಲ್ಲ ಪುರಲೆ, ಒಣ ಕಡ್ಡಿ; ಬೇಗ ಹತ್ತಿಕೊಂಡು ಬೇಗ ಮುಗಿಯುತ್ತದೆ. ಕೊಬ್ಬು ಎಂದರೆ ಕೊರಡು. ಹತ್ತಿಕೊಳ್ಳಲು ಹೊತ್ತು ಬೇಕು, ಆದರೆ ತೂಕಕ್ಕೆ ತೂಕ ಎರಡರಷ್ಟಕ್ಕೂ ಹೆಚ್ಚು ಕಾವು ಕೊಡುತ್ತದೆ. ಆಗಿನ ಪಠ್ಯದಲ್ಲಿ ಸಸಾರಜನಕ ಎನ್ನುತ್ತಿದ್ದ ಪ್ರೋಟೀನು ಮನೆಯ ತೊಲೆ, ಜಂತೆ. ಅದು ಇರುವುದು ಮನೆ ನಿಲ್ಲುವುದಕ್ಕೆ, ಉರಿಸುವುದಕ್ಕಲ್ಲ. ಪುರಲೆಯೂ ಇಲ್ಲ, ಕೊರಡೂ ಇಲ್ಲ ಎಂದಾಗ ಮೈ ತನ್ನ ತೊಲೆಯನ್ನೇ ಕಿತ್ತು ಒಲೆಗಿಡುತ್ತದೆ.

"ಅಂಗಾದ್ರೆ ಓದೊರ್ಸ ನಂದು ತೊಲೆ ಉರ್ದದ್ದು ಅನ್ನಿ," ಎಂದರು ಭಾವ, ತಮ್ಮ ತೋಳನ್ನು ಮುಟ್ಟಿ ನೋಡಿಕೊಳ್ಳುತ್ತ.

"ಹೂಂ. ಸಕ್ಕರೆ ರಕ್ತದಲ್ಲೇ ಇತ್ತು, ಒಲೆಗೆ ನೂಕುವ ಕೈ ಇರಲಿಲ್ಲ. ಆ ಕೈಯೇ ನಿಮ್ಮ ಸೂಜಿ."

ಅವರು ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ತಮ್ಮ ಹೊಟ್ಟೆಯನ್ನು ತಟ್ಟಿ, "ಈಗ ಕೊರಡು ಸೇರ್ಕಂಡದೆ ಅಲ್ವ್ರಾ? ಒಂದಿನ ಉಣ್ದಿದ್ರೆ ಏನೂ ಆಗಲ್ಲ?" ಎಂದು ಕೇಳಿದರು. "ಒಂದಲ್ಲ, ಹತ್ತು ದಿನಕ್ಕೆ ಸಾಕಾಗುವಷ್ಟಿದೆ" ಎಂದೆ. ತಮಾಷೆಗೆ ಅಂದ ಮಾತು. ಅವರು ಯಾಕೆ ಕೇಳಿದರು ಎಂದು ನಾನು ಕೇಳಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹನೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಒಂದು ಛತ್ರದಲ್ಲಿ ಚಾಪೆ ಸಿಕ್ಕಿತು, ಪಕ್ಕದ ಹೋಟೆಲಿನಲ್ಲಿ ಮುದ್ದೆ, ಹುರುಳಿಕಟ್ಟಿನ ಸಾರು. ಅಲ್ಲೇ ಲೊಕ್ಕನಹಳ್ಳಿಯ ಮಾದಮ್ಮ ಸಿಕ್ಕಿದರು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ವರ್ಷವೂ ಒಬ್ಬರೇ ನಡೆದು ಬೆಟ್ಟಕ್ಕೆ ಹೋಗುವವರು. ಜೊತೆಯಾಯಿತೆಂದು ಮರುದಿನ ನಮ್ಮೊಂದಿಗೇ ಹೊರಟರು.

ಎರಡನೆಯ ದಿನ ಕೌದಳ್ಳಿಗೆ ಹತ್ತು ಹನ್ನೊಂದು ಮೈಲಿ. ದಾರಿಯಲ್ಲಿ ಬೇರೆ ಏನೂ ತೋಚದೆ ನಾನು ಪುರಲೆ ಕೊರಡಿನ ಪಾಠವನ್ನು ಮಾದಮ್ಮನವರಿಗೂ ಮಾಡಿದೆ. ಕೊನೆಯವರೆಗೂ ಕೇಳಿ, "ಒಟ್ಟೆಗೆ ಇಟ್ಟು ಬೇಕು ಅನ್ನಕೆ ಇಷ್ಟೆಲ್ಲ ಓದ್ಬೇಕಾ ಮೇಷ್ಟ್ರೇ?" ಎಂದರು. ಭಾವ ರಸ್ತೆಯಲ್ಲೇ ನಿಂತು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆ ಸಂಜೆ ಕೌದಳ್ಳಿಯಲ್ಲಿ ಒಂದು ಮನೆಯ ಜಗಲಿಯಲ್ಲಿ ಕೂತಿದ್ದಾಗ ಭಾವ ತಮ್ಮ ಹರಕೆಯನ್ನು ಪೂರ್ತಿ ಹೇಳಿದರು. ನಡೆದು ಬರುವುದಷ್ಟೇ ಅಲ್ಲ. ಕೌದಳ್ಳಿ ದಾಟಿದ ಮೇಲೆ ದೇವರ ಮುಖ ನೋಡುವವರೆಗೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ ಎಂದು ಹೊತ್ತಿದ್ದರಂತೆ. ಅವರ ಚಿಕ್ಕಪ್ಪನೊಬ್ಬ ಹಿಂದೆ ಇಂಥದೇ ಹರಕೆ ಹೊತ್ತು, ದಾರಿಯಲ್ಲಿ ಮರೆತು ಒಂದು ಸೀಬೆಹಣ್ಣು ತಿಂದಿದ್ದರಂತೆ.

"ಮುರ್ದ್ರೆ ಎಲ್ಡರಷ್ಟು ತೀರಿಸ್ಬೇಕು ಮೇಷ್ಟ್ರೇ. ನಮ್ ಚಿಕ್ಕಪ್ಪ ಮತ್ತೆ ಕೊಳ್ಳೇಗಾಲದಿಂದ್ಲೇ ಉಪ್ವಾಸ ನಡ್ದು ಬಂದ್ರು. ನಮ್ಮನೇಲಿ ಅದೇ ಕಟ್ಲೆ."

ನನಗೆ ಹಿತವೆನಿಸಲಿಲ್ಲ. ಆದರೂ ಲೆಕ್ಕ ಹಾಕಿದೆ: ಮೈಯಲ್ಲಿ ಕೊಬ್ಬಿದೆ, ಒಂದು ಹಗಲಿನ ಮಾತು, ಬಿಸಿಲೇರುವ ಮೊದಲು ಹೆಚ್ಚಿನ ದಾರಿ ಸಾಗಿರುತ್ತದೆ. ಸೂಜಿಯ ವಿಚಾರ ಮನಸ್ಸಿಗೆ ಬರಲೇ ಇಲ್ಲ. ಉಣ್ಣದವನು ಸೂಜಿ ಚುಚ್ಚಿಕೊಳ್ಳುವುದಿಲ್ಲ ಎಂದು ನಾನಾಗಿಯೇ ಎಣಿಸಿಕೊಂಡಿದ್ದೆ.

ಮೂರನೆಯ ದಿನ ಕೋಳಿ ಕೂಗುವ ಮೊದಲೇ ಹೊರಟೆವು. ಕಾಡು ಹತ್ತಿರವಾಗುತ್ತ ಗಾಳಿ ತಣ್ಣಗಾಯಿತು. ಭಾವ ನಮಗಿಂತ ಮುಂದೆ, ಚುರುಕಾಗಿ ನಡೆಯುತ್ತಿದ್ದರು. ಒಂಬತ್ತರ ಹೊತ್ತಿಗೆ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು, ನಮಗಿನ್ನೂ ಹೊದಿಕೆ ತೆಗೆಯುವಷ್ಟು ಸೆಕೆಯಾಗಿರಲಿಲ್ಲ. ಹತ್ತಕ್ಕೆ ಮಾದಮ್ಮನವರ ಮೇಲೆ ವಿನಾಕಾರಣ ರೇಗಿದರು. ಆಮೇಲೆ ಒಬ್ಬರೇ ನಗತೊಡಗಿದರು. ಎಷ್ಟು ದಣಿವಾಗಿದೆ ಎಂದು ಕೇಳಲು ಹತ್ತಿರ ಹೋದರೆ, "ಮಗ್ಗ ನಿಲ್ಸೋ, ಎಳೆ ಕಡೀತದೆ!" ಎಂದು ನನ್ನನ್ನು ಗದರಿದರು. ತಂಗಿಯ ಗಂಡನನ್ನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಏಕವಚನದಲ್ಲಿ ಕರೆದವರಲ್ಲ. ಕಾಲಿಗೆ ಕಾಲು ತೊಡರಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು. ತಾಳುಬೆಟ್ಟ ಇನ್ನೂ ಒಂದು ಮೈಲಿ ಇತ್ತು.

ಕೈ ಹಿಡಿದೆ. ತಣ್ಣಗೆ, ಜಿಗುಟಾಗಿ, ನಡುಗುತ್ತಿತ್ತು.

"ಭಾವ, ಬೆಳಗ್ಗೆ ಸೂಜಿ ಚುಚ್ಚಿಕೊಂಡ್ರಾ?"

ಮಾತು ತೊದಲುತ್ತಿತ್ತು. "ಡಾಕ್ಟ್ರು ಒಂದಿನಾನೂ ತಪ್ಪುಸ್ಬ್ಯಾಡ ಅಂದವ್ರೆ... ಸೂಜಿ ಅನ್ನ ಅಲ್ಲ ಕಣ್ರೀ. ಬಾಯ್ಗಾಕಲ್ವಲ್ಲ. ಅದ್ಕೆ ಉಪ್ವಾಸ ಇಲ್ಲ."

ಹರಕೆಯ ಶಾಸ್ತ್ರದಲ್ಲಿ ಅದು ಸರಿಯಾದ ಮಾತೇ. ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದರಲ್ಲಿ ಅರ್ಧವನ್ನು ಅವರು ದೇವರ ಮಾತಿನಂತೆ ಪಾಲಿಸಿದ್ದರು, ಚುಚ್ಚಿದ ಮೇಲೆ ಉಣ್ಣಬೇಕೆಂಬ ಇನ್ನರ್ಧವನ್ನು ಹರಕೆ ನುಂಗಿತ್ತು. ಉಣ್ಣದಿರಲು ನಾನೇ ಧೈರ್ಯ ತುಂಬಿದ್ದೆ. ನನಗೆ ಗೊತ್ತಿಲ್ಲದಿದ್ದದ್ದನ್ನು ಮುಂದೆ ಒಬ್ಬ ಡಾಕ್ಟರು ಬಿಡಿಸಿ ಹೇಳಿದರು. ಆ ಮದ್ದು ರಕ್ತದ ಸಕ್ಕರೆಯನ್ನು ಒಲೆಗೆ ನೂಕುವುದಷ್ಟೇ ಅಲ್ಲ, ಕೊಬ್ಬಿನ ಕಣಜಕ್ಕೆ ಬೀಗವನ್ನೂ ಹಾಕುತ್ತದಂತೆ. ಕೊರಡು ಎಷ್ಟಿದ್ದರೂ ಹೊರಗೆ ಬರುವುದಿಲ್ಲ. ಮಿದುಳೋ, ಗಳಿಗೆ ಗಳಿಗೆಗೂ ಸಕ್ಕರೆ ಕೇಳುವ ಅಂಗ. ಭಾವ ಹೊಟ್ಟೆಯ ತುಂಬ ಸೌದೆ ಇಟ್ಟುಕೊಂಡು ಆರಿಹೋಗುತ್ತಿದ್ದರು.

ಚೀಲದಿಂದ ಬೆಲ್ಲ ತೆಗೆದು ಒಂದು ತುಣುಕನ್ನು ತುಟಿಗೆ ತಂದೆ. ಎಲ್ಲಿತ್ತೋ ಬುದ್ಧಿ, ಹಲ್ಲು ಕಚ್ಚಿ ಮುಖ ತಿರುಗಿಸಿದರು. "ಉಪ್ವಾಸ" ಎಂಬುದೊಂದೇ ಮಾತು. ಇನ್ನೊಮ್ಮೆ ಪ್ರಯತ್ನಿಸಿದೆ, ಕೈ ತಳ್ಳಿದರು. ಕಣ್ಣು ಮೇಲಕ್ಕೆ ಹೋಗುತ್ತಿದ್ದವು. ನನಗೆ ನಿಜವಾಗಿ ಭಯವಾಯಿತು. ಯಳಂದೂರಿನ ಮನೆಬಾಗಿಲಲ್ಲಿ ನಿಂತ ಹೆಂಡತಿ ಕಣ್ಣಿಗೆ ಕಟ್ಟಿದಳು.

ಮಾದಮ್ಮ ಅವರ ಬೆನ್ನಿಗೆ ಒತ್ತಿ ಕೂತು ತಲೆಯನ್ನು ನೆಟ್ಟಗೆ ಹಿಡಿದಿದ್ದರು. ಆಗ ನನ್ನ ಬಾಯಿಂದ ಬಂತು:

"ಪ್ರಸಾದ ಭಾವ! ಬೆಟ್ಟದಿಂದ ಇಳಿದು ಬರೋರು ಕೊಟ್ಟು ಹೋದರು. ಮಾದಪ್ಪನ ಪ್ರಸಾದ."

ಮಾದಮ್ಮ ನನ್ನ ಮುಖ ನೋಡಿದರು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಭಾವನ ತುಟಿ ಸಡಿಲವಾಯಿತು. ಪ್ರಸಾದಕ್ಕೆ ಉಪವಾಸವಿಲ್ಲ, ಬೇಡ ಎನ್ನುವಂತೆಯೂ ಇಲ್ಲ.

"ಸುಳ್ಳು ನಿಂದು, ಬೆಲ್ಲ ಮಾದಪ್ಪಂದು," ಎಂದು ಮಾದಮ್ಮ ನನಗಷ್ಟೇ ಕೇಳುವಂತೆ ಹೇಳಿದರು. "ಪುಡಿ ಮಾಡಿ ನೀರಲ್ಲಿ ಕರ್ಗ್ಸು. ಗಂಟ್ಲಿಗೆ ಸಿಕ್ಕಾಕತದೆ."

ಲೋಟದಲ್ಲಿ ಬೆಲ್ಲ ಕದಡಿ, ಅವರು ನುಂಗುವುದನ್ನು ನೋಡಿಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ಗಂಟೆ ನನ್ನ ಜೀವನದ ಅತಿ ಉದ್ದದ ಪಿರಿಯಡ್ಡು. ಮೊದಲು ನಡುಕ ನಿಂತಿತು. ಆಮೇಲೆ ನನ್ನನ್ನು ನೆಟ್ಟಗೆ ನೋಡಿ, "ಯಾಕೆ ಮೇಷ್ಟ್ರೇ, ಅಳ್ತಿದೀರಿ?" ಎಂದು ಕೇಳಿದರು. ಬೆವರು ಎಂದೆ.

ಸೂಜಿಯ ಕೆಲಸ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅರ್ಧರ್ಧ ಗಂಟೆಗೆ 'ಪ್ರಸಾದ' ಕೊಡುತ್ತಲೇ ಹೋದೆ. ತಾಳುಬೆಟ್ಟದಲ್ಲಿ ಬಸ್ಸು ಹಿಡಿಯೋಣ ಎಂದರೆ ಅವರು ಒಪ್ಪಲಿಲ್ಲ. ಮಾದಮ್ಮ ಒಂದು ಕಡೆ, ನಾನು ಒಂದು ಕಡೆ, ಕೂತು ಎದ್ದು ಬೆಟ್ಟ ಹತ್ತಿಸಿದೆವು. ಸಂಜೆಯ ಮಹಾಮಂಗಳಾರತಿಯ ಹೊತ್ತಿಗೆ ಗುಡಿ ಮುಟ್ಟಿ ಅವರು ದೇವರ ಮುಖ ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ. ದಾಸೋಹದಲ್ಲಿ ಮೂರು ಸಲ ಅನ್ನ ಹಾಕಿಸಿಕೊಂಡು ಉಂಡರು.

ಮರುದಿನ ಬೆಳಗ್ಗೆ ಉಪ್ಪಿಟ್ಟಿನ ಎಲೆ ಮುಂದೆ ಬಂದ ಮೇಲೆಯೇ ಭಾವನಿಗೆ ಸೂಜಿ ತೆಗೆಯಲು ಬಿಟ್ಟೆ. ಮಾದಮ್ಮ ಇನ್ನೆರಡು ದಿನ ಬೆಟ್ಟದಲ್ಲೇ ಇರುವವರಿದ್ದರು. ನಾವು ಹೊರಡುವಾಗ ನನ್ನ ಹತ್ತಿರ ಬಂದು, "ಯಾರ್ಗೂ ಏಳಾಕಿಲ್ಲ ಕಣಪ್ಪಾ, ನೀನೂ ಏಳ್ಬ್ಯಾಡ" ಎಂದರು. ನಮ್ಮದು ಎಂಟೂವರೆಯ ಬಸ್ಸು. ತಾಳುಬೆಟ್ಟ ದಾಟಿ, ತಾವು ಕುಸಿದಿದ್ದ ಕಲ್ಲು ಹಿಂದೆ ಸರಿದ ಮೇಲೆ ಭಾವ ಕೇಳಿದರು.

"ನಂಗೆ ಪ್ರಸಾದ ಕೊಟ್ಟೋರು ಯಾವೂರೋರು?"

"ಗುಂಡ್ಲುಪೇಟೆ ಕಡೆಯವರು. ಗಂಡ ಹೆಂಡತಿ."

"ಬೆಟ್ಟದಿಂದ ಇಳಿಯೋರು ಕಲ್ಲುಸಕ್ರೆ ಕೊಡ್ತಾರೆ, ಬಾಳೆಅಣ್ಣು ಕೊಡ್ತಾರೆ. ಬೆಲ್ಲ ಕೊಟ್ಟೋರ್ನ ನಾ ಕಾಣೆ." ನಾಲಗೆಯಿಂದ ತುಟಿ ಸವರಿಕೊಂಡು ಹೇಳಿದರು: "ನಿಮ್ ಯಳಂದೂರ್ ಆಲೆಮನೆ ಬೆಲ್ಲದ್ ರುಚಿ ಇತ್ತು."

ನಾನು ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟೆ.

"ನಾ ಸಿಟ್ ಮಾಡ್ಕಳಲ್ಲ ಮೇಷ್ಟ್ರೇ. ಗೊತ್ತಾಗ್ಬೇಕು, ಅಷ್ಟೇಯ. ಅದು ಪ್ರಸಾದ ಅಲ್ದಿದ್ರೆ ಬರೋ ಸೋಮ್ವಾರ ಕೊಳ್ಳೇಗಾಲದಿಂದ ಒಬ್ನೇ ಒರಡ್ತೀನಿ. ಇನ್ನೊಬ್ರು ಅಡ್ಡ ಬರಂಗಿಲ್ಲ." ಕಿಟಕಿಯತ್ತ ಕೈ ತೋರಿಸಿದರು. "ಬೆಟ್ಟ ಕಾಣ್ತಾ ಅದೆ. ಅತ್ಲಾಗ್ ನೋಡ್ಕಂಡು ನಿಜ ಏಳ್ಬುಡಿ."

ಕೊಳ್ಳೇಗಾಲದಿಂದ ಮೂರು ದಿನ, ಬರಿಹೊಟ್ಟೆ, ಕುಡಿಕೆಯಲ್ಲಿ ಸೀಸೆ. ಅವರು ಹೋಗಿಯೇ ಹೋಗುವರು ಎಂದು ನನಗೆ ಗೊತ್ತಿತ್ತು. ತಿರುಗಿ ಕೂತೆ. ಬಿಸಿಲಿಗೆ ಮಂಜು ಹರಿದು ಬೆಟ್ಟ ಪೂರ್ತಿ ಕಾಣುತ್ತಿತ್ತು. ದೇವರನ್ನು ನಂಬದವನಿಗೆ ಇದು ಸುಲಭ ಎಂದುಕೊಂಡಿದ್ದೆ. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಪ್ರಸಾದವೇ ಭಾವ," ಎಂದೆ. "ಬೆಟ್ಟದಾಣೆಗೂ ಪ್ರಸಾದ."

ಅವರು ದೀರ್ಘವಾಗಿ ಉಸಿರು ಬಿಟ್ಟು, "ಅಂಗಾದ್ರೆ ತೀರ್ತು. ಅನೂರಲ್ಲಿ ಇಳ್ದು ಏನಾರ ತಿನ್ನಣ, ಒಟ್ಟೆ ಅಸೀತಾ ಅದೆ" ಎಂದು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಬಸ್ಸು ತಿರುವು ಹೊರಳುವವರೆಗೆ ನಾನು ಬೆಟ್ಟವನ್ನೇ ನೋಡುತ್ತಿದ್ದೆ. ತಪ್ಪಾಯಿತು ಎಂದು ಮನಸ್ಸಿನಲ್ಲೇ ಹೇಳಿದೆ. ಯಾರಿಗೆ ಹೇಳಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.