ಹೆಸರು ಹಾಡಿನ ಕೆಳಗೇ ಇರಲಿ

ಎಂಥ ತುಂಟ ಹುಡುಗರ ಮೇಲೂ ಬಾರದಷ್ಟು ಸಿಟ್ಟು ನನಗೆ ಆ ವರ್ಷ ಅಡಿಟಿಪ್ಪಣಿಗಳ ಮೇಲೆ ಬಂದಿತ್ತು. ನಾನು ರೋಣದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ನಿನ್ನ ಜಾಗದಲ್ಲಿ ಕೂಡು ಎಂದರೆ ಮಕ್ಕಳಾದರೂ ಒಂದು ಗಳಿಗೆ ಕೂಡುತ್ತಾರೆ. ಇವು ನನ್ನ ಕಣ್ಣೆದುರಿಗೇ ಎದ್ದು ಮುಂದಿನ ಪುಟಕ್ಕೆ ಹೋಗುತ್ತಿದ್ದವು.

ರಜೆ ಸಿಕ್ಕಾಗಲೆಲ್ಲ ಬೆಳವಣಕಿ, ಶಿರೋಳ, ಮುಶಿಗೇರಿ ಎಂದು ಬಸ್ಸು ಹತ್ತಿ, ಹೆಂಗಸರು ಬೀಸುವಾಗ ಹಾಡುವ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು ತರುತ್ತಿದ್ದೆ. ಮನೆಗೆ ಬಂದು ಅವನ್ನು ವರ್ಡ್‌ನಲ್ಲಿ ಟೈಪ್ ಮಾಡುವುದು. ಹಾಡಿದವರಿಗೂ ಕಾಣಲಿ ಎಂದು ಅಕ್ಷರ ದೊಡ್ಡದಾಗಿಯೇ ಇಟ್ಟಿದ್ದೆ. ಪ್ರತಿ ಹಾಡಿನ ಕೊನೆಯ ಸಾಲಿಗೆ ಒಂದು ಸಣ್ಣ ಅಂಕಿ, ಪುಟದ ಅಡಿಯಲ್ಲಿ ಅದೇ ಅಂಕಿಯ ಮುಂದೆ ಹಾಡಿದವರ ಹೆಸರು ಮತ್ತು ಊರು. ಪುಸ್ತಕವನ್ನು ಗಜೇಂದ್ರಗಡದ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುವುದೆಂದು ನಿಶ್ಚಯವಾಗಿತ್ತು. ಪ್ರೆಸ್ಸಿನ ಚಾಚಾ ಮೊದಲು ಒಂದು ಕರಡು ಪ್ರತಿ ತೆಗೆದುಕೊಟ್ಟರು. ಅದನ್ನು ಸರಿಯಾಗಿ ನೋಡುವ ತಾಳ್ಮೆಯೂ ಇಲ್ಲದೆ ಖುಷಿಯಲ್ಲಿ ನೇರ ಮುಶಿಗೇರಿಗೆ ಹೋದೆ. ಎಲ್ಲರಿಗಿಂತ ಹೆಚ್ಚು ಹಾಡು ಕೊಟ್ಟ ಅಜ್ಜಿ, ನಾನು ಆಯಿ ಎಂದು ಕರೆಯುವವರು, ಇದ್ದದ್ದು ಅಲ್ಲಿ.

ಆಯಿ ಸಂಜೆಯ ಅಕ್ಷರ ಕಲಿಕೆಯ ತರಗತಿಗೆ ಹೋಗಿ ಸಹಿ ಮಾಡಲು ಕಲಿತವರು. ಓದಲು ಬರುವುದು ತಮ್ಮ ಹೆಸರೊಂದೇ. ನಾನು ಅವರ ಹಾಡಿನ ಪುಟ ತೆಗೆದುಕೊಟ್ಟೆ. ಅವರು ಪುಟದ ಅಡಿಯಲ್ಲಿ ಬೆರಳಾಡಿಸಿದರು, ಹೆಸರು ಸಿಗಲಿಲ್ಲ. ಹಾಳೆ ತಿರುವಿದರು. ಅಲ್ಲಿ ಸಿಕ್ಕಿತು, ಮುಖ ಅರಳಿತು. ಮೇಲಿನ ಹಾಡು ಯಾವುದು, ಓದಿ ಹೇಳಿ ಎಂದರು. ನಾನು ಓದಿದೆ. ಅದು ಶಿರೋಳದ ಒಬ್ಬ ಹೆಂಗಸಿನ ಹಾಡು. ಆಕೆ ನನ್ನ ಮೊಬೈಲಿಗೆ ಹಾಡಿ ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದರು. ಆಯಿಗೂ ಅದು ಗೊತ್ತಿತ್ತು.

ಟಿಪ್ಪಣಿ ಒಂದು ಪುಟ ಮುಂದೆ ಸರಿದಿದೆ, ಅಂಕಿ ನೋಡಿದರೆ ಓದುವವರಿಗೆ ತಿಳಿಯುತ್ತದೆ ಎಂದು ನಾನು ಸಮಜಾಯಿಷಿ ಕೊಡಲು ಹೋದೆ. ಆಯಿ ಹಾಳೆಗಳನ್ನು ಜೋಡಿಸಿ ನನ್ನ ಕೈಗೇ ವಾಪಸು ಇಟ್ಟರು.

“ಇದು ಆಕಿ ಹಾಡ ಐತ್ರಿ ಅಕ್ಕೋರ. ಸತ್ತಾಕಿ ಹಾಡಿನ ಕೆಳಗ ನನ್ನ ಹೆಸರ ಇಟ್ರ, ಕೇಳಾಕ ಆಕಿ ಎದ್ದ ಬರ್ತಾಳೇನ್ರಿ? ಸರಿ ಆಗದಿದ್ರ ನನ್ನ ಹಾಡಷ್ಟೂ ತಗದಬಿಡ್ರಿ.”

ಸಿಟ್ಟಿನ ಮಾತಲ್ಲ ಅದು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಆಯಿಯ ಹಾಡು ತೆಗೆದರೆ ಪುಸ್ತಕದಲ್ಲಿ ಉಳಿಯುವುದಾದರೂ ಏನು?

ಆಮೇಲೆ ಶುರುವಾಯಿತು ನನ್ನ ಕುಸ್ತಿ. ಟಿಪ್ಪಣಿ ಕೆಳಗೆ ಬರಲಿ ಎಂದು ಎಂಟರ್ ಒತ್ತಿದೆ. ಒಂದು ಪುಟ ಸರಿಯಾದರೆ ಅದರ ಮುಂದಿನವೆಲ್ಲ ಕೆಡುತ್ತಿದ್ದವು. ತವರುಮನೆ ನರಗುಂದಕ್ಕೆ ಹಬ್ಬಕ್ಕೆ ಹೋದಾಗಲೂ ಲ್ಯಾಪ್‌ಟಾಪ್ ಬಿಡಲಿಲ್ಲ. ನಾನು ಗೊಣಗುವುದನ್ನು ಕೇಳಿ ಕೇಳಿ ಅಣ್ಣನ ಹೆಂಡತಿ, ನಮ್ಮ ವೈನಿ, ಹೋಳಿಗೆಯ ತಾಟು ನನ್ನ ಪಕ್ಕಕ್ಕಿಟ್ಟು, ಮೊದಲು ಇದನ್ನಾದರೂ ಅದರ ಜಾಗಕ್ಕೆ ಮುಟ್ಟಿಸು ಎಂದು ನಕ್ಕರು.

ಕೊನೆಗೆ ಗಜೇಂದ್ರಗಡಕ್ಕೇ ಹೋಗಿ ಚಾಚಾನ ಮುಂದೆ ಕೂತೆ. ಅವರು ಕಾಣದ ಗುರುತುಗಳನ್ನೆಲ್ಲ ಕಾಣಿಸುವ ಒಂದು ಗುಂಡಿ ಒತ್ತಿದರು. ನಾನು ಹೊಡೆದ ಎಂಟರ್‌ಗಳೆಲ್ಲ ಪರದೆಯ ತುಂಬ ಸಾಲುಗಟ್ಟಿ ನಿಂತವು. ಚಾಚಾ ನಗು ತಡೆದುಕೊಂಡು ಒಂದೊಂದನ್ನೇ ಅಳಿಸಿದರು. ನಿಜವಾದ ತೊಂದರೆ ಇದ್ದದ್ದು ಬೇರೆ ಕಡೆ. ಹಾಡಿನ ಸಾಲುಗಳೆಲ್ಲ ಒಂದೇ ಪುಟದಲ್ಲಿ ಕೂಡಿಯೇ ಇರಬೇಕೆಂದು ನಾನೇ ವರ್ಡ್‌ಗೆ ಕಟ್ಟು ಹಾಕಿದ್ದೆ. ದೊಡ್ಡ ಅಕ್ಷರ, ಉದ್ದ ಹಾಡು, ಪುಟ ಅಂಚಿನವರೆಗೆ ತುಂಬುತ್ತಿತ್ತು. ಅಂಕಿ ಇದ್ದದ್ದು ಕೊನೆಯ ಸಾಲಿನಲ್ಲಿ, ಅದರ ಕೆಳಗೆ ಟಿಪ್ಪಣಿಗೆ ಕಾಲೂರಲೂ ಜಾಗವಿರಲಿಲ್ಲ.

“ಹಾಡ ಎರಡ ಪುಟಕ್ಕ ಹರೀಲಿ ಬಿಡ್ರಿ ಮೇಡಂ. ಇಲ್ಲಂದ್ರ ಹೆಸರೆಲ್ಲಾ ಪುಸ್ತಕದ ಹಿಂದ ಒಂದ ಕಡೆ ಹಾಕೂಣು” ಎಂದರು ಚಾಚಾ.

ಎರಡಕ್ಕೂ ನಾನು ಒಪ್ಪಲಿಲ್ಲ. ಹೆಸರು ಹಿಂದೆ ಹೋದರೆ ಆಯಿಯ ಬೆರಳಿಗೆ ಸಿಗುವುದು ಹೇಗೆ? ಹಾಡು ಮುರಿಯಬಾರದೆಂದು ಹೇಳಿದವರೂ ಆಯಿಯೇ. ಮೊದಲ ಸಲ ಹೋದಾಗ, ಹಾಡಿನ ನಡುವೆ ನನಗೆ ಫೋನ್ ಬಂದು ನಿಲ್ಲಿಸಲು ಹೇಳಿದ್ದಕ್ಕೆ, ಬೀಸುವ ಕಲ್ಲಿನ ಮುಂದೆ ಕೂತ ಮೇಲೆ ಹಾಡು ನಡುವೆ ಮುರಿಯಬಾರದು ಎಂದು ಗದರಿದ್ದರು. ಆ ಮಾತನ್ನು ನಾನು ಮಂತ್ರದಂತೆ ಹಿಡಿದುಕೊಂಡಿದ್ದೆ. ಚಾಚಾ ವಾದ ಮಾಡಲಿಲ್ಲ. ಚಹಾ ತರಿಸಿ, ಹಂಗಾದರೆ ಹೇಳಿದವರನ್ನೇ ಇನ್ನೊಂದು ಸಲ ಕೇಳಿಕೊಂಡು ಬರ್ರಿ, ಅಲ್ಲಿಯವರೆಗೆ ಅಚ್ಚಿಗೆ ಹಾಕುವುದಿಲ್ಲ ಎಂದರು. ಬೇರೆ ಕೆಲಸಗಳ ರಾಶಿಯ ನಡುವೆ ಅವರು ತೋರಿದ ಆ ತಾಳ್ಮೆಗೆ ಇವತ್ತಿಗೂ ನಾನು ಋಣಿ.

ನಾನು ಮುಶಿಗೇರಿಗೆ ಹೋದಾಗ ಆಯಿ ಕಡಲೆ ಒಡೆಯಲು ಕಲ್ಲಿನ ಮುಂದೆ ಕೂತಿದ್ದರು. ಎದುರಿಗೆ ನಾನೂ ಗೂಟ ಹಿಡಿದು ಕೂತೆ. ಅವರು ಹಾಡುತ್ತ ಹಾಡುತ್ತ ಒಂದು ನುಡಿ, ಅಂದರೆ ಹಾಡಿನ ಒಂದು ಚರಣ, ಮುಗಿಸಿ ಸುಮ್ಮನಾದರು. ಕಲ್ಲಿನ ಬಾಯಿಗೆ ಒಂದು ಹಿಡಿ ಕಡಲೆ ಸುರಿದು, ಮತ್ತೆ ತಿರುವುತ್ತ ಮುಂದಿನ ನುಡಿ ಎತ್ತಿಕೊಂಡರು. ಇದನ್ನು ನಾನು ಎಷ್ಟು ಸಲ ನೋಡಿರಲಿಲ್ಲ! ಮೊಬೈಲಿನ ಕಡೆಗೇ ಕಣ್ಣಿತ್ತೋ ಏನೋ, ಗಮನಿಸಿರಲಿಲ್ಲ. ಈಗ ಹಾಡು ನಿಂತಿತಲ್ಲ ಆಯಿ ಎಂದೆ.

“ಮುಕ್ಕ ಹಾಕಬ್ಯಾಡೇನ್ ಮತ್ತ? ನುಡಿ ಮುರೀಬಾರ್ದ್ರಿ. ನುಡಿ ಮುಗದ ಮ್ಯಾಲ ಕಲ್ಲಿಗೂ ಒಂದ ತುತ್ತ ಕೊಡಬೇಕಲಾ?”

ನನಗೆ ನಗು ಬಂತು. ಯಾಕೆಂದು ಗೊತ್ತಾಗದಿದ್ದರೂ ಆಯಿಯೂ ನನ್ನ ಜೊತೆ ನಕ್ಕರು. ಕಡಲೆ ಮುಗಿಯುವವರೆಗೂ ಅಲ್ಲೇ ಕೂತಿದ್ದು, ಅವರು ಕೊಟ್ಟ ರೊಟ್ಟಿ ಉಂಡು, ಗಜೇಂದ್ರಗಡದ ಬಸ್ಸು ಹತ್ತಿದೆ.

ಚಾಚಾ ಹಾಡಿಗೆ ಹಾಕಿದ್ದ ಕಟ್ಟು ಬಿಚ್ಚಿ, ನುಡಿಗಷ್ಟೇ ಕಟ್ಟು ಉಳಿಸಿದರು. ಅಂಕಿಯನ್ನು ಕೊನೆಯ ಸಾಲಿನಿಂದ ಎತ್ತಿ ಹಾಡಿನ ಮೊದಲ ಸಾಲಿಗೆ ತಂದರು. ಪ್ರತಿ ಹಾಡನ್ನೂ ಹೊಸ ಪುಟದಿಂದ ಶುರುಮಾಡಿದರು. ಪುಟ ತುಂಬಿದರೆ ಹಾಡು ಒಂದು ನುಡಿ ಮುಗಿಸಿ ಮುಂದಿನ ಪುಟಕ್ಕೆ ಹೋಗುತ್ತಿತ್ತು, ಹೆಸರು ಮಾತ್ರ ಹಾಡು ಶುರುವಾದ ಪುಟದ ಅಡಿಯಲ್ಲೇ ಕೂಡುತ್ತಿತ್ತು. ಇಬ್ಬರೂ ಕೂಡಿ ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಒಂದೂ ಎದ್ದು ಹೋಗಿರಲಿಲ್ಲ.

ಪುಸ್ತಕ ಬಂದ ದಿನ ಮೊದಲ ಪ್ರತಿ ಆಯಿಗೆ ಕೊಟ್ಟೆ. ತಮ್ಮ ಹೆಸರು ಹುಡುಕಿಯಾರು ಎಂದುಕೊಂಡಿದ್ದೆ. ಅವರು ಶಿರೋಳದಾಕೆಯ ಹಾಡು ಎಲ್ಲಿದೆ ಎಂದು ಕೇಳಿದರು. ತೆಗೆದುಕೊಟ್ಟೆ. ಅಡಿಯಲ್ಲಿ ಬೆರಳಿಟ್ಟು, ಏನು ಬರೆದಿದೆ ಓದಿ ಎಂದರು. ನಾನು ಆ ಹೆಸರು ಓದಿದೆ. ಇನ್ನೊಂದು ಸಲ ಓದಿಸಿದರು.

“ಹಾಂ. ಈಗ ಆಕಿ ಹಾಡ ಆಕಿಗೆ ಮುಟ್ಟಿತು” ಎಂದರು. ಆಮೇಲೆಯೇ ತಮ್ಮ ಪುಟಕ್ಕೆ ತಿರುಗಿದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಇಂಥವರ ಮನೆಯ ಕಟ್ಟೆಯ ಮೇಲೆ ನನಗೊಂದು ಜಾಗ ಸಿಕ್ಕಿತಲ್ಲ ಎಂಬ ಸಂತೋಷ ಅದು. ಇದನ್ನೆಲ್ಲ ಬರೆಯುವಾಗ ಇಬ್ಬರ ಹೆಸರನ್ನೂ ನಾನಿಲ್ಲಿ ಹಾಕಿಲ್ಲ. ಅವು ಅವರವರ ಹಾಡಿನ ಕೆಳಗಿವೆ, ಅಲ್ಲೇ ಇರಲಿ.