ಸಂಕಪ್ಪಣ್ಣನ ಶುಕ್ರವಾರದ ಮರ

ನಜ್ಮಾ ಬಡಾವಣೆಯಲ್ಲಿ ಸಂಕಪ್ಪಣ್ಣನನ್ನು ತಿಳಿಯದ ಹೆಂಗಸರಿರಲಿಲ್ಲ. ಸಂಕಪ್ಪಣ್ಣನಿಗೆ ಮಾತ್ರ ನಜ್ಮಾ ಬಿಟ್ಟರೆ ಬೇರೆ ಕತಾರ್ ಇದೆ ಎಂಬುದೇ ತಿಳಿದಿರಲಿಲ್ಲ. ಮೂಡಬಿದಿರೆ ಕಡೆಯ ಮನುಷ್ಯ, ಊರಿನಲ್ಲೇ ಹೊಲಿಗೆ ಕಲಿತು ಬಂದವರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಅಂಗಡಿ, ಅದೇ ಮಿಷನ್ನು, ಅದರ ಹಿಂದೆಯೇ ಮಲಗುವ ಕೋಣೆ. ನಾನು ಒಂದು ಶಿಪ್ಪಿಂಗ್ ಕಂಪನಿಯ ಅಕೌಂಟ್ಸಿನಲ್ಲಿದ್ದೆ, ಅವರ ಅಂಗಡಿಯ ಮೇಲಿನ ರೂಮಿನಲ್ಲಿ ವಾಸ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಕೆಳಗೆ ಮಿಷನ್ನಿನ ಸದ್ದು, ಸಂಜೆ ಬರುವಾಗಲೂ ಅದೇ ಸದ್ದು. ಶುಕ್ರವಾರಕ್ಕೂ ಬಿಡುವಿಲ್ಲ. ಉಳಿದ ದಿನದ ಹೊಲಿಗೆ ಅಂಗಡಿಯ ಯಜಮಾನನದ್ದು, ಶುಕ್ರವಾರದ್ದು ತನ್ನದು ಎಂದು ಒಪ್ಪಂದವಾಗಿತ್ತು. ಊರಿನ ಮನೆ ಎದ್ದದ್ದು, ಮಗಳು ಅಶ್ವಿತಾಳ ಮದುವೆ ಆದದ್ದು, ಎಲ್ಲ ಆ ಶುಕ್ರವಾರಗಳಿಂದ.

ನಮ್ಮನ್ನು ಊರು ಸುತ್ತಿಸುತ್ತಿದ್ದವರು ಮೊಯ್ದಿನಾಕ. ವಿಟ್ಲದವರು, ಸಂಕಪ್ಪಣ್ಣನ ಅಂಗಡಿಯ ಎದುರೇ ದಿನಸಿ ವ್ಯಾಪಾರ. ಸಂಸಾರ ಅಲ್ ಗರಾಫಾದಲ್ಲಿ. ಅವರ ಹತ್ತಿರ ಒಂದು ಹಳೆಯ ಲ್ಯಾಂಡ್‌ಕ್ರೂಸರ್ ಇತ್ತು. ವಾರವಿಡೀ ಅಕ್ಕಿ, ಈರುಳ್ಳಿ ಹೊತ್ತ ಗಾಡಿ ಶುಕ್ರವಾರ ಜುಮ್ಮಾ ನಮಾಜಿನ ನಂತರ ನಮ್ಮನ್ನು ಹೊತ್ತುಕೊಂಡು ಕೋಟೆಗೋ ಕಡಲಿಗೋ ಹೊರಡುತ್ತಿತ್ತು. ಸಂಕಪ್ಪಣ್ಣನನ್ನು ಎಷ್ಟು ಕರೆದರೂ ಬರುತ್ತಿರಲಿಲ್ಲ. ಮರಳು ನೋಡಲು ಪೆಟ್ರೋಲ್ ಯಾಕೆ ಸುಡಬೇಕು, ಪಣಂಬೂರಿನ ಕಡಲದಂಡೆಯಲ್ಲಿ ಬೇಕಾದಷ್ಟಿದೆ ಎನ್ನುತ್ತಿದ್ದರು. ಇಂಥ ಅರಸಿಕನಿಗೆ ಹೇಳಿ ಪ್ರಯೋಜನವಿಲ್ಲ ಎಂದು ನಾನೂ ಕೈಬಿಟ್ಟಿದ್ದೆ.

ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ ಅವರ ಹೆಂಡತಿ ಪೂವಕ್ಕನಿಗೆ ವಿಸಿಟ್ ವೀಸಾ ಬಂತು. ಅಂಗಡಿಯ ಅರಬಿ ಯಜಮಾನನ ಹೆಂಡತಿ ಮಾಡಿಸಿಕೊಟ್ಟದ್ದು. ಆಕೆಯ ಮೂವರು ಹೆಣ್ಣುಮಕ್ಕಳ ಮದುವೆಯ ಬಟ್ಟೆಯೂ ಸಂಕಪ್ಪಣ್ಣನ ಕೈಯಲ್ಲೇ ಆಗಿತ್ತು, ಅದರ ಸಂತೋಷಕ್ಕೆ. ಪೂವಕ್ಕ ಒಂದು ತಿಂಗಳು ಇರುವುದೆಂದೂ, ಮೊಯ್ದಿನಾಕನ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡುವುದೆಂದೂ ಆಯಿತು. ನಾವೆಲ್ಲ ಖುಷಿಯಲ್ಲಿದ್ದರೆ ಸಂಕಪ್ಪಣ್ಣನ ಮುಖ ಮಾತ್ರ ಹುಳಿ ತಿಂದವರ ಹಾಗಿತ್ತು. ಒಂದು ಸಂಜೆ ಮೊಯ್ದಿನಾಕನ ಅಂಗಡಿಗೆ ಬಂದು, ಅಕ್ಕಿ ಮೂಟೆಗಳ ಮರೆಯಲ್ಲಿ ನಿಂತು ವಿಷಯ ಬಾಯಿಬಿಟ್ಟರು.

ವಿಷಯ ಇಷ್ಟು. ಊರಿನ ಮನೆಗೆ ಫೋನ್ ಬಂದ ಹೊಸತರಲ್ಲಿ ಒಂದು ಶುಕ್ರವಾರ ಫೋನಿನಲ್ಲಿ, ಹೊಲಿಯುತ್ತಿದ್ದೇನೆ ಎಂದಿದ್ದರಂತೆ. ರಜೆಯ ದಿನವೂ ಬಿಡುವಿಲ್ಲವೇ ಎಂದು ಪೂವಕ್ಕ ಆ ಕಡೆ ಅತ್ತುಬಿಟ್ಟರು. ಮುಂದಿನ ವಾರ ಇವರು, ಗೆಳೆಯರ ಜೊತೆ ತಿರುಗಾಡಲು ಬಂದಿದ್ದೇನೆ ಎಂದರು. ಎಲ್ಲಿಗೆ, ಏನು ನೋಡಿದಿರಿ, ಏನು ತಿಂದಿರಿ ಎಂದು ಆಕೆ ಕೇಳದೆ ಬಿಡುತ್ತಾರೆಯೇ? ಹೀಗೆ ಶುರುವಾದದ್ದು ಮತ್ತೆ ನಿಲ್ಲಲಿಲ್ಲ. ಬಟ್ಟೆ ಅಳತೆ ಕೊಡಲು ಬಂದವರು ಹೇಳಿದ್ದು, ಶನಿವಾರ ನಾವು ಬಂದು ಹರಟಿದ್ದು, ಎಲ್ಲವನ್ನೂ ಕೂಡಿಸಿ ವಾರಕ್ಕೊಂದು ಪ್ರವಾಸ ಹೊಲಿದು ಕಳಿಸುತ್ತಿದ್ದರು. ಜುಬಾರಾದ ಕೋಟೆ, ಒಂಟೆಯ ಓಟ, ಮರಳಿನೊಳಗೆ ನುಗ್ಗಿದ ಕಡಲು. ಅವಷ್ಟೂ ಇರುವ ಜಾಗಗಳೇ. ಆದರೆ ಒಂದು ಮರವೂ ಇತ್ತು. ಬರೀ ಮರುಭೂಮಿ ಎಂದರೆ ಹೆಂಡತಿ ಹೆದರುತ್ತಾಳೆಂದು ನಡುವೆ ಒಂದು ದೊಡ್ಡ ಮರ ನೆಟ್ಟಿದ್ದರು. ಅದರ ನೆರಳಿನಲ್ಲಿ ಎಲ್ಲರೂ ಕೂತು ಹುರಿದ ಬಂಗುಡೆ ಮೀನು ತಿನ್ನುವುದು. ಯಾವ ಮರ ಎಂದು ಕೇಳಿದ್ದಕ್ಕೆ, ಅರಬಿ ಮರ ಎಂದಿದ್ದರಂತೆ. ಈಗ ಪೂವಕ್ಕ ವಿಮಾನ ಹತ್ತುವ ಮೊದಲೇ ಹೇಳಿಯಾಗಿದೆ: ಬೇರೆ ಏನು ತೋರಿಸದಿದ್ದರೂ ಪರವಾಗಿಲ್ಲ, ಆ ಮರ ತೋರಿಸಬೇಕು.

"ಸಂಕಪ್ಪಣ್ಣನ ಕತೆ ಖಲಾಸ್," ಎಂದರು ಮೊಯ್ದಿನಾಕ. ನನಗೆ ನಗು ತಡೆಯಲಾಗಲಿಲ್ಲ. ನೀರಿಲ್ಲದ ಊರಿನಲ್ಲಿ ಬರೀ ಬಾಯಿಂದ ಮರ ಬೆಳೆಸಿದ ಮನುಷ್ಯ.

ಆ ಡಿಸೆಂಬರ್ ಪೂರ್ತಿ ಸಂಕಪ್ಪಣ್ಣನಿಗೆ ಪಾಠ ನಡೆಯಿತು. ಮಿಷನ್ನಿಗೆ ಬಟ್ಟೆ ಹೊದೆಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಪರೀಕ್ಷೆಗೆ ಹೊರಟ ಮಗುವಿನಂತೆ ಗಾಡಿಯ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಕೋಟೆಯ ಗೋಡೆಯನ್ನು ಮುಟ್ಟಿ ನೋಡಿದರು. ಶಹಾನಿಯಾದಲ್ಲಿ ಒಂಟೆಯ ಓಟ ನೋಡಲು ಹೋದೆವು. ಅಲ್ಲಿ ಒಂಟೆಯ ಬೆನ್ನ ಮೇಲೆ ಸಣ್ಣ ರೋಬೋಟ್ ಕೂರಿಸಿ, ಅದಕ್ಕೊಂದು ಬಣ್ಣದ ಅಂಗಿ ತೊಡಿಸುತ್ತಾರೆ. ಎಲ್ಲರೂ ಒಂಟೆಯ ಹಿಂದೆ ಕಣ್ಣು ಓಡಿಸುತ್ತಿದ್ದರೆ ಇವರು ಆ ಅಂಗಿಯನ್ನೇ ನೋಡುತ್ತಿದ್ದರು. ಕಾಲರ್ ಕೂತಿಲ್ಲ, ಯಾರು ಹೊಲಿದದ್ದೋ ಎಂದು ವಾಪಸು ಬರುವವರೆಗೂ ಗೊಣಗಿದರು. ಕಡಲ ದಂಡೆಯಲ್ಲಿ ಪ್ಯಾಂಟು ಮಡಚಿ ನೀರಿಗಿಳಿದಾಗ ಮಾತ್ರ ಸುಮ್ಮನಾದರು. ಇದೆಲ್ಲ ಇಷ್ಟು ಹತ್ತಿರ ಇತ್ತಾ ಎಂದು ಕೇಳಿದರು. ನನಗೆ ಯಾಕೋ ಸಂಕಟವಾಯಿತು.

ಮರದ ಕೆಲಸ ಮೊಯ್ದಿನಾಕ ವಹಿಸಿಕೊಂಡಿದ್ದರು. ದುಖಾನ್ ರಸ್ತೆಯಲ್ಲಿ ಸಾಮಾನು ಕೊಡಲು ಹೋದಾಗಲೆಲ್ಲ ಗಾಡಿಯನ್ನು ಒಳಗೆ ತಿರುಗಿಸಿ ಹುಡುಕುತ್ತಿದ್ದರು. ಕೊನೆಗೊಂದು ದಿನ, ಒಂದು ತಗ್ಗಿನಲ್ಲಿ ಬೋರೆ ಜಾತಿಯ ಮರವೊಂದಿದೆ, ಸಾಕಷ್ಟು ದೊಡ್ಡದೇ, ಸುತ್ತ ಎಲ್ಲೂ ಮತ್ತೊಂದಿಲ್ಲ ಎಂದು ಸುದ್ದಿ ತಂದರು. ದಾರಿ ತನಗೆ ಬಾಯಿಪಾಠ ಇದೆ, ಸಂಕಪ್ಪಣ್ಣ ಸುಮ್ಮನೆ ತಲೆಯಾಡಿಸಿದರೆ ಸಾಕು ಎಂದರು.

ಪೂವಕ್ಕ ಬಂದರು. ಒಣಕಲು ಮೈ, ಚುರುಕು ಕಣ್ಣು. ಊರಿನಲ್ಲಿ ದಿನವಿಡೀ ತೊಡೆಯ ಮೇಲೆ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿದ ಬೆರಳುಗಳು ಸುಮ್ಮನಿದ್ದಾಗಲೂ ಏನೋ ಸುರುಳಿ ಸುತ್ತುತ್ತಿದ್ದವು. ಮೊಯ್ದಿನಾಕನ ಹೆಂಡತಿ ಝೊಹರಾಳ ಅಡುಗೆಮನೆಯನ್ನು ಎರಡೇ ದಿನದಲ್ಲಿ ತನ್ನದು ಮಾಡಿಕೊಂಡರು. ಕೋಟೆ ನೋಡಿ, ನೀವು ಹೇಳಿದ್ದಕ್ಕಿಂತ ಸಣ್ಣದು ಎಂದರು. ಒಂಟೆ ನೋಡಿ, ನೀವು ಹೇಳಿದ್ದಕ್ಕಿಂತ ಕೊಳಕು ಎಂದರು. ಸಂಕಪ್ಪಣ್ಣ ಪಾಸಾಗುತ್ತಾ ಹೋದರು.

ಕೊನೆಯ ಶುಕ್ರವಾರ ಮರಕ್ಕೆ ಹೊರಟೆವು. ಝೊಹರಾ ಬಂಗುಡೆ ಹುರಿದು, ಅಕ್ಕಿ ರೊಟ್ಟಿಯ ಜೊತೆ ಡಬ್ಬಿಗೆ ತುಂಬಿಕೊಟ್ಟಿದ್ದರು. ಮರ ನಿಜಕ್ಕೂ ಚೆನ್ನಾಗಿತ್ತು. ಬೋಳು ತಗ್ಗಿನಲ್ಲಿ ಅಷ್ಟು ಹಸಿರು ನೋಡಿ ನಾನೇ ಬೆರಗಾದೆ. ಸಂಕಪ್ಪಣ್ಣ, ಇದೇ ನೋಡು ಎಂದು ಕೈ ತೋರಿಸಿದರು, ಅದು ತನ್ನ ತೋಟದ ಮರವೋ ಎಂಬ ಗತ್ತಿನಲ್ಲಿ.

ಪೂವಕ್ಕ ನಾಲ್ಕು ಹೆಜ್ಜೆ ಹೋದವರು ಗಕ್ಕನೆ ನಿಂತರು. ಚಪ್ಪಲಿ ಕಳಚಿ ದೂರ ಇಟ್ಟು ಕೈಮುಗಿದರು.

ಮರದ ಬುಡದಲ್ಲಿ ಮೂರು ಕಲ್ಲುಗಳಿದ್ದವು. ಯಾರೋ ಒಲೆ ಹೂಡಿ ಅಡುಗೆ ಮಾಡಿ, ಹೋಗುವಾಗ ಕಲ್ಲನ್ನು ಬುಡಕ್ಕೆ ಸಾಲಾಗಿ ಒರಗಿಸಿ ಹೋಗಿದ್ದರು. ಹೊಗೆ ಹಿಡಿದು, ಎಣ್ಣೆ ಚೆಲ್ಲಿ, ಕಲ್ಲು ಕರ್ರಗೆ ಮಿನುಗುತ್ತಿತ್ತು. ಆದರೆ ತುಳುನಾಡಿನ ಹೆಂಗಸಿಗೆ ಒಂಟಿ ಮರ, ಅದರ ಬುಡದಲ್ಲಿ ಎಣ್ಣೆ ಕುಡಿದ ಕರಿಕಲ್ಲು ಎಂದರೆ ಒಂದೇ ಅರ್ಥ. ಅದು ನಾಗಬನ, ನಾಗದೇವರ ಜಾಗ. ಅದರ ಹತ್ತಿರ ಮೀನು ಒಯ್ಯುವುದಿರಲಿ, ಮೀನು ತಿಂದ ಬಾಯಲ್ಲಿ ಸುಳಿಯುವುದೂ ತಪ್ಪು. ಮೊಯ್ದಿನಾಕ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ್ದರು. ಅದನ್ನು ಮುಚ್ಚಿ ಎಂದು ಮೆಲ್ಲಗೆ ಹೇಳಿ, ಪೂವಕ್ಕ ಗಂಡನ ಕಡೆ ತಿರುಗಿದರು.

"ನೀವು ಇಲ್ಲಿಯಾ ಕೂತು ಮೀನು ತಿಂತಿದ್ದದ್ದು? ಇಷ್ಟು ವರ್ಷ?"

ಅದು ಒಲೆಯ ಕಲ್ಲು ಎಂದು ಮೊಯ್ದಿನಾಕ ಹೇಳಿ ನೋಡಿದರು. ನಿಮಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ಆಕೆ ಮರ್ಯಾದೆಯಿಂದಲೇ ತಳ್ಳಿಹಾಕಿ, ಮರಳಿನ ಮೇಲೆ ಕುಸಿದು ಕೂತರು. ಮದುವೆಯಾಗಿ ಆರು ವರ್ಷವಾದರೂ ಅಶ್ವಿತಾಳಿಗೆ ಮಕ್ಕಳಾಗಿರಲಿಲ್ಲ. ಜೋಯಿಸರು ಕವಡೆ ಹಾಕಿದಾಗಲೆಲ್ಲ ನಾಗನ ಮುನಿಸು ಎಂದೇ ಬರುತ್ತಿತ್ತಂತೆ. ಕುಟುಂಬದ ಬನ ಶುಚಿ ಮಾಡಿ, ನಾಗನಿಗೆ ಹಾಲೆರೆದು ತನು ಹಾಕಿ, ಪೂಜೆ ಮಾಡಿಸಿ, ಎಲ್ಲ ಆಗಿತ್ತು.

"ನಾವು ಅಲ್ಲಿ ಬನ ಗುಡಿಸಿದ್ದೇ ಗುಡಿಸಿದ್ದು," ಎಂದರು ಪೂವಕ್ಕ. "ತಪ್ಪು ಇಲ್ಲಿ ಇತ್ತು."

ನನ್ನ ನಗು ಅಲ್ಲಿಗೇ ಆರಿಹೋಯಿತು. ಹೆಂಡತಿಯ ಸಮಾಧಾನಕ್ಕೆಂದು ನೆಟ್ಟ ಮರ ಮಗಳ ಒಡಲಿಗೆ ಬಂದು ನಿಂತಿತ್ತು. ಮೊಯ್ದಿನಾಕ ಸಂಕಪ್ಪಣ್ಣನ ಪಕ್ಕಕ್ಕೆ ಬಂದು, ದಾರಿ ತಪ್ಪಿತು, ಆ ಮರ ಬೇರೆ ಎಂದುಬಿಡಿ ಎಂದು ಪಿಸುಗುಟ್ಟಿದರು. ಒಳ್ಳೆಯ ಉಪಾಯವೇ. ಇನ್ನೊಂದು ಸುಳ್ಳಿಗೆ ಅಲ್ಲಿ ಜಾಗವಿತ್ತು. ಸಂಕಪ್ಪಣ್ಣ ಒಂದು ಕ್ಷಣ ಮರವನ್ನು ನೋಡಿದರು. ಆಮೇಲೆ ತಾವೂ ಚಪ್ಪಲಿ ಕಳಚಿ ಹೆಂಡತಿಯ ಎದುರು ಕೂತರು.

"ನಾನು ಇಲ್ಲಿಗೆ ಬಂದವನೇ ಅಲ್ಲ ಪೂವಾ. ಇವತ್ತೇ ಮೊದಲು. ಇಲ್ಲಿಗೆ ಅಂತ ಅಲ್ಲ, ಹೋದ ತಿಂಗಳವರೆಗೆ ಎಲ್ಲಿಗೂ ಹೋದವನಲ್ಲ."

"ಮತ್ತೆ ಶುಕ್ರವಾರ?"

"ಹೊಲೀತಾ ಇದ್ದೆ."

"ಎಲ್ಲ ಶುಕ್ರವಾರವಾ?"

ಸಂಕಪ್ಪಣ್ಣ ಹೌದೆಂದು ತಲೆಯಾಡಿಸಿದರು. ಮೊದಲು ಪೂವಕ್ಕನ ಮುಖ ಹಗುರಾಯಿತು. ಮಗಳ ತಲೆಯ ಮೇಲಿಂದ ಒಂದು ಭಾರ ಇಳಿದಿತ್ತು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದಾದ ಮೇಲೆ ನಿಧಾನಕ್ಕೆ ಉಳಿದದ್ದು ಅರ್ಥವಾಗತೊಡಗಿತು. ಬೆರಳುಗಳು ಸುತ್ತುವುದನ್ನು ನಿಲ್ಲಿಸಿದವು.

"ಶುಕ್ರವಾರ ನಾನು ಬೀಡಿ ಕಟ್ಟುದಿಲ್ಲ," ಎಂದರು. "ಇವರು ಮರದಡಿ ಕೂತಿದ್ದಾರೆ, ನಾನೂ ಒಂದು ದಿನ ತಡ್ಪೆ ಕೆಳಗಿಡ್ತೇನೆ ಅಂತ. ಮೀನು ತಂದು, ಹೊಟ್ಟೆ ತುಂಬ ಉಂಡು ಮಲಗ್ತಿದ್ದೆ. ನೀವು ಹೊಲಿಯುವಾಗ ನಾನು ಮಲಗಿದ್ದಲ್ವಾ?"

"ಅದಕ್ಕೇ ಹೇಳಿದ್ದು ಮಾರಾಯ್ತಿ."

ಪೂವಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಅತ್ತರೋ ಇಲ್ಲವೋ ನಾನು ನೋಡಲಿಲ್ಲ, ನೋಡುವುದು ಸರಿಯೆನಿಸದೆ ಗಾಡಿಯ ಕಡೆ ತಿರುಗಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಮೊಯ್ದಿನಾಕ ಯಲ್ಲಾ, ಹೊರಡೋಣ ಎಂದು ಗಾಡಿ ಸ್ಟಾರ್ಟ್ ಮಾಡಿದರು. ಒಲೆಯ ಕಲ್ಲೇ ಇರಲಿ, ನಾಗನೇ ಇರಲಿ, ಅಲ್ಲಿ ಮೀನಿನ ಡಬ್ಬಿ ತೆರೆಯಲು ಪೂವಕ್ಕ ಒಪ್ಪಲಿಲ್ಲ. ಆ ಬಯಲಿಗೆಲ್ಲ ಇದ್ದ ಒಂದೇ ಒಂದು ನೆರಳನ್ನು ಬಿಟ್ಟು, ದಿಣ್ಣೆಯ ಆಚೆ ಬಿಸಿಲಿನಲ್ಲಿ ಕೂತು ಬಂಗುಡೆ ತಿಂದೆವು. ಸಂಕಪ್ಪಣ್ಣನ ಮೀನಿನ ಮುಳ್ಳನ್ನು ಆಕೆಯೇ ಬಿಡಿಸಿಕೊಟ್ಟರು.

ಊರಿಗೆ ಹೊರಡುವ ದಿನ ಪೂವಕ್ಕ ಮೊಯ್ದಿನಾಕನ ಹತ್ತಿರ ಒಂದು ಮಾತು ತೆಗೆದುಕೊಂಡರು. ಗಂಡ ಮಿಷನ್ನು ಮುಚ್ಚಿದ ಶುಕ್ರವಾರ ಮಾತ್ರ ತಾನು ತಡ್ಪೆ ಕೆಳಗಿಡುವುದು. ಮುಚ್ಚಿದ್ದಾರೆ ಎಂದು ಗಂಡ ಹೇಳಿದರೆ ನಂಬುವುದಿಲ್ಲ, ಮೊಯ್ದಿನಾಕನೇ ಹೇಳಬೇಕು.

ಅಲ್ಲಿಂದ ಸಂಕಪ್ಪಣ್ಣನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದಾಯಿತು. ಶುಕ್ರವಾರ ಹಾರ್ನ್ ಕೇಳಿದರೆ ಗೊಣಗುತ್ತಲೇ ಬಂದು ಗಾಡಿ ಹತ್ತುತ್ತಾರೆ. ತಿಂಗಳಿಗೊಮ್ಮೆಯಾದರೂ ಮರಕ್ಕೆ ಹೋಗುತ್ತೇವೆ, ಆ ದಿನ ಝೊಹರಾ ಬರೀ ತರಕಾರಿಯ ಊಟ ಕಟ್ಟುತ್ತಾರೆ. ಊಟಕ್ಕೆ ಮೊದಲು ಫೋನ್ ಬರುತ್ತದೆ. ಸಂಕಪ್ಪಣ್ಣ ಹಲೋ ಎಂದ ಕೂಡಲೇ ಆ ಕಡೆಯಿಂದ ಹುಕುಂ ಆಗುತ್ತದೆ, ಅವರು ಫೋನನ್ನು ಮೊಯ್ದಿನಾಕನ ಕೈಗೆ ಕೊಡುತ್ತಾರೆ.

"ಹೌದು ಪೂವಕ್ಕ, ಮರದ ಕೆಳಗೇ ಕೂತಿದ್ದಾರೆ," ಎನ್ನುತ್ತಾರೆ ಮೊಯ್ದಿನಾಕ.

ಸಂಕಪ್ಪಣ್ಣ ಡಬ್ಬಿ ಮುಟ್ಟದೆ ಕಾಯುತ್ತಾರೆ. "ಅವಳು ತಡ್ಪೆ ಕೆಳಗಿಟ್ಟಳಾ ಕೇಳು," ಎಂದು ಸನ್ನೆ ಮಾಡುತ್ತಾರೆ. ಇಟ್ಟಿದ್ದಾರಂತೆ ಎಂದು ಮೊಯ್ದಿನಾಕ ಹೇಳಿದ ಮೇಲೆಯೇ ಅವರು ಊಟಕ್ಕೆ ಕೈ ಹಾಕುವುದು.